ಕರಗುವ ಕಟ್ಟಡ: ಒಂದು ವಿಚಾರ

ಕಟ್ಟಡವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಕಲ್ಲು, ಗಾರೆ, ಸಿಮೆಂಟು. ಬಾಗಿಲ ಪಕ್ಕದಲ್ಲಿ ದಾನಿಗಳ ಹೆಸರು ಕೆತ್ತಿದ ಶಿಲಾಫಲಕ. ಕಟ್ಟಿದ್ದು ಮೊಮ್ಮಕ್ಕಳ ಕಾಲಕ್ಕೂ ನಿಲ್ಲಬೇಕೆಂಬ ಆಸೆ ಸಹಜವಾದುದು; ಆ ಆಸೆಯಿಲ್ಲದಿದ್ದರೆ ಯಾವ ವಿದ್ಯಾಲಯವೂ ಎದ್ದು ನಿಲ್ಲುತ್ತಿರಲಿಲ್ಲ. ಆದರೆ ವರ್ಷವರ್ಷವೂ ಕರಗಿಹೋಗಲೆಂದೇ ಕಟ್ಟುವ ಕಟ್ಟಡವೊಂದು ಭೂಮಿಯ ಉತ್ತರ ಅಂಚಿನಲ್ಲಿದೆ. ಅದನ್ನು ಸಿರಿವಂತರ ವಿಲಾಸವೆಂದು ತಳ್ಳಿಹಾಕುವವರುಂಟು, ಲೋಕವಿಸ್ಮಯವೆಂದು ಕೊಂಡಾಡುವವರೂ ಉಂಟು. ಇಬ್ಬರದೂ ಅವಸರದ ತೀರ್ಮಾನವೆಂದು ನನ್ನ ಎಣಿಕೆ.

ಸ್ವೀಡನ್ ದೇಶದಲ್ಲಿ ಆರ್ಕ್ಟಿಕ್ ವೃತ್ತದಿಂದಲೂ ಸುಮಾರು 200 ಕಿಲೋಮೀಟರು ಉತ್ತರಕ್ಕೆ, ಟೋರ್ನೆ ನದಿಯ ದಡದಲ್ಲಿ ಯೂಕಾಸ್‌ಯಾರ್ವಿ ಎಂಬ ಹಳ್ಳಿಯಿದೆ. ಹಿಮಸಾರಂಗಗಳನ್ನು ಮೇಯಿಸುವ ಸಾಮಿ ಜನರ ನಾಡು ಅದು. ನಡುಚಳಿಗಾಲದಲ್ಲಿ ಕೆಲವು ವಾರಗಳ ಕಾಲ ಸೂರ್ಯ ಕ್ಷಿತಿಜದ ಮೇಲೆ ಬರುವುದೇ ಇಲ್ಲ. ಬೇಸಿಗೆಯಲ್ಲಿ ನದಿಯ ವಿಹಾರಕ್ಕೆಂದು ಬರುತ್ತಿದ್ದ ಪ್ರವಾಸಿಗರು ಚಳಿಗಾಲದ ಕತ್ತಲೆಗೆ ಬೆನ್ನುಹಾಕುತ್ತಿದ್ದರು. ಅಲ್ಲಿ ಪ್ರವಾಸೋದ್ಯಮ ನಡೆಸುತ್ತಿದ್ದ ಇಂಗ್ವೆ ಬೆರ್ಗ್‌ಕ್ವಿಸ್ಟ್ ಎಂಬುವರು ಊರಿನ ಶಾಪವೆಂದು ತಿಳಿದಿದ್ದ ಚಳಿಯನ್ನೇ ಊರಿನ ಬಂಡವಾಳವಾಗಿ ಕಂಡರು. 1989ರಲ್ಲಿ ಜಪಾನಿನ ಹಿಮಶಿಲ್ಪಿಗಳು ಅಲ್ಲಿಗೆ ಬಂದು ಕೆಲಸ ಮಾಡಿದರು. ಮರುವರ್ಷ ಹಿಮದ ಗುಡಾರದೊಳಗೆ ಫ್ರಾನ್ಸಿನ ಕಲಾವಿದರೊಬ್ಬರ ಪ್ರದರ್ಶನ ನಡೆದಾಗ, ಊರಿನಲ್ಲಿ ತಂಗಲು ಕೋಣೆ ದೊರೆಯದ ಕೆಲವರು ಸಾರಂಗದ ತೊಗಲು ಹಾಸಿಕೊಂಡು ಅದರೊಳಗೇ ಮಲಗಿದರು. ಬೆಳಗ್ಗೆ ಎದ್ದು, ನಿದ್ದೆ ಸೊಗಸಾಗಿತ್ತೆಂದರು. ವಸತಿಗೃಹದ ಹುಟ್ಟು ಹೀಗೆ, ಯೋಜನೆಯಿಂದಲ್ಲ, ಜಾಗದ ಅಭಾವದಿಂದ.

ಇನ್ನು ಅದರ ನಿರ್ಮಾಣಕ್ರಮ. ಟೋರ್ನೆಯ ಮಂಜುಗಡ್ಡೆ ಗಾಜಿನಂತೆ ತಿಳಿಯಾದುದು. ನಿಂತ ನೀರು ಹೆಪ್ಪುಗಟ್ಟುವಾಗ ಗಾಳಿಯ ಗುಳ್ಳೆಗಳು ಒಳಗೇ ಸಿಕ್ಕಿಬಿದ್ದು ಗಡ್ಡೆ ಬೆಳ್ಳಗಾಗುತ್ತದೆ. ಈ ನದಿಯಲ್ಲಾದರೋ ಮೇಲೆ ಗಡ್ಡೆ ಕಟ್ಟುತ್ತಿರುವಾಗಲೂ ಕೆಳಗೆ ಪ್ರವಾಹ ನಡೆದೇ ಇರುವುದರಿಂದ ಗಾಳಿಯೂ ಕಸರೂ ಕೊಚ್ಚಿಹೋಗುತ್ತವೆ. ಮಾರ್ಚ್ ತಿಂಗಳ ಸುಮಾರಿಗೆ ಗಡ್ಡೆ ಚೆನ್ನಾಗಿ ದಪ್ಪವಾದಾಗ ಅದನ್ನು ಗರಗಸದಿಂದ ಕೊಯ್ದು, ಒಂದೊಂದೂ 2 ಟನ್ನಿನಷ್ಟು ತೂಗುವ ದಿಮ್ಮಿಗಳನ್ನು ಬೇಸಿಗೆಯುದ್ದಕ್ಕೂ ಶೀತಲ ಉಗ್ರಾಣದಲ್ಲಿ ಕಾದಿರಿಸುತ್ತಾರೆ. ನವೆಂಬರಿನ ಹೊತ್ತಿಗೆ ಕಮಾನಿನಾಕಾರದ ಉಕ್ಕಿನ ಅಚ್ಚುಗಳ ಮೇಲೆ ಹಿಮ ಮತ್ತು ಮಂಜುಗಡ್ಡೆಗಳ ಮಿಶ್ರಣವನ್ನು ಯಂತ್ರದಿಂದ ಎರಚಿ, ಅದು ಗಟ್ಟಿಯಾದ ಮೇಲೆ ಅಚ್ಚನ್ನು ಹೊರಗೆಳೆಯುತ್ತಾರೆ. ಮಂಜುಗಡ್ಡೆ ಒತ್ತಡವನ್ನು ತಾಳಬಲ್ಲದು, ಎಳೆತವನ್ನು ತಾಳಲಾರದು. ಆದಕಾರಣ ಇಲ್ಲಿ ಕಮಾನೇ ವಿಹಿತ. ಹಿಮದ ಕಣಗಳ ನಡುವೆ ಸೆರೆಸಿಕ್ಕ ಗಾಳಿ ಶಾಖವನ್ನು ಸುಲಭವಾಗಿ ಹಾಯಗೊಡದು. ಹೊರಗೆ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿದರೂ ಒಳಗೆ ಸೊನ್ನೆಗಿಂತ 5ರಿಂದ 8 ಡಿಗ್ರಿಯಷ್ಟೇ ಕೆಳಗಿರುತ್ತದೆ. ಬೆಳಗ್ಗೆ ಅತಿಥಿಗಳಿಗೆ ಲಿಂಗನ್ ಎಂಬ ಕಾಡುಹಣ್ಣಿನ ಬಿಸಿರಸ ಕೊಟ್ಟು ಎಬ್ಬಿಸುವ ಪದ್ಧತಿ. (ಇಂಥ ಕಟ್ಟಡಕ್ಕೂ ಬೆಂಕಿಯ ಎಚ್ಚರಿಕೆಗಂಟೆ ಕಡ್ಡಾಯವೆಂದು 2013ರಲ್ಲಿ ಅಲ್ಲಿನ ಸರ್ಕಾರದ ಇಲಾಖೆ ವಿಧಿಸಿತು. ಇಲಾಖೆಗಳ ಸ್ವಭಾವ ಎಲ್ಲ ದೇಶಗಳಲ್ಲಿಯೂ ಒಂದೇ.)

ನನ್ನನ್ನು ಹೆಚ್ಚು ಆಕರ್ಷಿಸಿರುವುದು ಕೋಣೆಗಳ ಏರ್ಪಾಡು. ಪ್ರತಿವರ್ಷ ನಾನಾ ದೇಶಗಳ ಕಲಾವಿದರು ತಮ್ಮ ಕಲ್ಪನೆಯ ನಕಾಶೆಗಳನ್ನು ಕಳಿಸುತ್ತಾರೆ. ತೀರ್ಪುಗಾರರು ಆಯ್ದವರಿಗೆ ಒಂದೊಂದು ಕೋಣೆ. ಮಂಜುಗಡ್ಡೆಯಲ್ಲಿ ಮೊದಲೇ ಕೆಲಸಮಾಡಿದ ಅನುಭವ ಬೇಕೆಂಬ ನಿಯಮವಿಲ್ಲ. ಆಯ್ಕೆಯಾದವರು ಉಳಿಯನ್ನು ಹಿಡಿಯುವಾಗಲೇ ತಮ್ಮ ಕೃತಿಯ ಆಯುಷ್ಯವನ್ನು ಬಲ್ಲರು: ಡಿಸೆಂಬರಿನಿಂದ ಏಪ್ರಿಲಿನವರೆಗೆ. ಆದರೂ ಕೆಲಸದಲ್ಲಿ ಸೋಮಾರಿತನವಾಗಲಿ ಅಡ್ಡದಾರಿಯಾಗಲಿ ಕಾಣಬರುವುದಿಲ್ಲ. ದಿನವೂ ಕರಿಹಲಗೆಯ ಮೇಲೆ ಬರೆದು ಒರೆಸುವ ಅಧ್ಯಾಪಕನಿಗೆ ಈ ಮಾತು ತೀರ ಅಪರಿಚಿತವಾಗಲಾರದು. ರಾತ್ರಿ ತಂಗುವುದು ಉಳ್ಳವರಿಗೆ ಮಾತ್ರ ಸಾಧ್ಯವೆಂಬ ಆಕ್ಷೇಪ ನಿಜವೇ. ಆದರೆ ಹಗಲಿನಲ್ಲಿ ಪ್ರವೇಶದ ಶುಲ್ಕ ತೆತ್ತು ಯಾರಾದರೂ ಆ ಕೋಣೆಗಳನ್ನು ನೋಡಿಬರಬಹುದು.

ಇದೇ ಮಂಜುಗಡ್ಡೆ ಇನ್ನೊಂದು ಕೈಯಲ್ಲಿ ಏನಾಗಿತ್ತೆಂಬುದನ್ನು ಮರೆಯಬಾರದು. 1740ರ ಚಳಿಗಾಲದಲ್ಲಿ ರಷ್ಯದ ಸಾಮ್ರಾಜ್ಞಿ ಆನ್ನಾ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಒಂದು ಹಿಮದ ಮನೆಯನ್ನು ಕಟ್ಟಿಸಿದಳು. ಮಂಚ, ದಿಂಬು, ಮೇಜು ಎಲ್ಲವೂ ಮಂಜುಗಡ್ಡೆಯವೇ. ಮುಂದೆ ಮಂಜುಗಡ್ಡೆಯ ಫಿರಂಗಿಗಳು, ಒಂದು ಆನೆ ಬೇರೆ. ಕ್ರಾಫ್ಟ್ ಎಂಬ ವಿದ್ವಾಂಸ ಅದೆಲ್ಲವನ್ನೂ ಅಳೆದು ವರ್ಣಿಸಿದ್ದಾನೆ. ಕುಶಲತೆಗೆ ಅಲ್ಲಿ ಕೊರತೆಯಿರಲಿಲ್ಲ. ಆದರೆ ಅದು ಕಟ್ಟಲ್ಪಟ್ಟದ್ದು ಒಬ್ಬ ಮನುಷ್ಯನ ಅವಮಾನಕ್ಕಾಗಿ. ಕ್ಯಾಥೊಲಿಕ್ ಹೆಂಗಸನ್ನು ಮದುವೆಯಾಗಿ ತಾನೂ ಆ ಮತವನ್ನು ಸೇರಿದನೆಂದು ರಾಜಕುಮಾರ ಗೊಲಿತ್ಸಿನ್‌ನನ್ನು ಆಕೆ ಆಸ್ಥಾನದ ವಿದೂಷಕನನ್ನಾಗಿ ಇಳಿಸಿದ್ದಳು. ಈಗ ಅವನಿಗೆ ತನ್ನ ಸೇವಕಿಯೊಬ್ಬಳನ್ನು ಬಲವಂತವಾಗಿ ಗಂಟುಹಾಕಿ, ಇಬ್ಬರನ್ನೂ ಆ ಮಂಚದ ಮೇಲೆ ಒಂದು ರಾತ್ರಿ ಕೂಡಿಹಾಕಿ, ಬಾಗಿಲಿಗೆ ಕಾವಲಿಟ್ಟಳು. ಅವರು ಬದುಕಿ ಉಳಿದದ್ದೇ ಪುಣ್ಯ. ಹಿಮದ ಮನೆಯನ್ನು ಬರಿಯ ಸೊಗಸಿನಿಂದ ಅಳೆಯಹೊರಟರೆ ಆನ್ನಾಳ ಮನೆಗೂ ಮೆಚ್ಚುಗೆ ಸಲ್ಲಿಸಬೇಕಾದೀತು. ಅಲ್ಲಿ ಮಲಗುವವನು ತಾನಾಗಿ ಬಂದವನೇ, ಕಡೆಯುವವನು ತನ್ನ ಕಲ್ಪನೆಯನ್ನು ಕಡೆಯುತ್ತಿದ್ದಾನೆಯೇ ಎಂಬುದನ್ನು ನಾವು ಮೊದಲು ಕೇಳಬೇಕು.

ಶಾಶ್ವತವೆಂದು ಕಟ್ಟಿದ್ದರ ಗತಿಯಾದರೂ ಏನು? ಯೂಕಾಸ್‌ಯಾರ್ವಿಯ ನೆರೆಯಲ್ಲೇ ಕಿರುನಾ ಪಟ್ಟಣವಿದೆ. ಅದರ ಕೆಳಗಿನ ಕಬ್ಬಿಣದ ಗಣಿ ನೆಲವನ್ನು ಸಡಿಲಿಸುತ್ತಿರುವುದರಿಂದ ಊರನ್ನೇ ಸ್ಥಳಾಂತರಿಸುತ್ತಿದ್ದಾರೆ. 1912ರಲ್ಲಿ ಮುಗಿದ ಅಲ್ಲಿನ ಮರದ ಚರ್ಚು 672 ಟನ್ ತೂಗುತ್ತದೆ. 2025ರ ಆಗಸ್ಟಿನಲ್ಲಿ ಅದನ್ನು ಇಡಿಯಾಗಿ ವಾಹನದ ಮೇಲೇರಿಸಿ, 2 ದಿನಗಳಲ್ಲಿ 5 ಕಿಲೋಮೀಟರು ದೂರ ಸಾಗಿಸಿದರು.

ಇಷ್ಟಾದ ಮೇಲೆ ನನ್ನ ಆಕ್ಷೇಪವನ್ನೂ ಹೇಳಿಬಿಡುತ್ತೇನೆ. 2016ರಲ್ಲಿ ಅದೇ ಆವರಣದಲ್ಲಿ ವರ್ಷವಿಡೀ ಕರಗದ ಒಂದು ಭಾಗವನ್ನು ತೆರೆದರು. ಬೇಸಿಗೆಯಲ್ಲಿ ಅಸ್ತಮಿಸದ ಸೂರ್ಯನ ಬೆಳಕಿನಿಂದಲೇ ವಿದ್ಯುತ್ತನ್ನು ಪಡೆದು, ಅದರಿಂದ ಮಂಜುಗಡ್ಡೆಯನ್ನು ತಣ್ಣಗಿಡುವ ಉಪಾಯ ಜಾಣತನದ್ದು. ಊರಿನವರಿಗೆ ಬೇಸಿಗೆಯಲ್ಲೂ ದುಡಿಮೆ ದೊರೆಯುತ್ತದೆ. ಕಲಾವಿದನ ಶ್ರಮ ನಾಲ್ಕು ತಿಂಗಳಿಗೇ ಅಳಿಯುವುದಿಲ್ಲ. ಈ ವಾದಗಳನ್ನು ನಾನು ಅಲ್ಲಗಳೆಯಲಾರೆ. ಆದರೂ ನನ್ನ ಮನಸ್ಸು ಒಪ್ಪದು. ಉಳಿಸಿಕೊಳ್ಳಬಹುದಾದ ಕೋಣೆ ದೊರೆತೊಡನೆ, ಈ ವರ್ಷದ್ದು ಹೋಯಿತು, ಮುಂದಿನ ವರ್ಷ ಬೇರೊಬ್ಬನ ಸರದಿ ಎಂಬ ಔದಾರ್ಯ ಸ್ವಲ್ಪವಾದರೂ ಕುಗ್ಗದಿರದು. ಯಂತ್ರ ಕಾಯುವ ಗಡ್ಡೆ ನದಿಯಿಂದ ಬಂದ ಸಾಲವೆನ್ನುವುದು ಮರೆತುಹೋಗುವ ಭಯ ನನಗೆ.

ಸದ್ಯಕ್ಕೆ ಹಳೆಯ ಪದ್ಧತಿಯೂ ಬಿಟ್ಟುಹೋಗಿಲ್ಲವೆಂಬುದು ಸಮಾಧಾನ. 2024ರ ಡಿಸೆಂಬರಿನಲ್ಲಿ ಬಾಗಿಲು ತೆರೆದದ್ದು 35ನೆಯ ಕಟ್ಟಡ. ಮಾರ್ಚ್ ತಿಂಗಳಲ್ಲಿ ಮುಂದಿನ ಚಳಿಗಾಲಕ್ಕೆಂದು ಗರಗಸಗಳು ನದಿಗೆ ಇಳಿಯುವಾಗ ಆ ವರ್ಷದ ಕಟ್ಟಡ ದಡದಲ್ಲಿ ಇನ್ನೂ ನಿಂತೇ ಇರುತ್ತದೆ. ಅತಿಥಿಗಳು ಒಳಗೆ ಮಲಗಿರುತ್ತಾರೆ.