ಕೋವಿಗೆ ಸಾಲ ಬೇಡ, ಬೇಲಿಗೆ ಸಾಲ ಬೇಕು

ಕಾಡುಹಂದಿಯ ಕಾಟವು ನಮ್ಮ ಗಡಿನಾಡಿನ ಕೃಷಿಕರಿಗೆ ಹೊಸತಲ್ಲ. ಗುಡ್ಡೆಯ ಬದಿಯ ಮರಗೆಣಸು, ಬಾಳೆ, ಗದ್ದೆಯ ಭತ್ತ ಇವುಗಳಿಗೆ ಒಂದು ರಾತ್ರಿ ಹಂದಿಯ ಹಿಂಡು ಹೊಕ್ಕರೆ ಬೆಳಗಾಗುವಾಗ ಉಳಿಯುವುದು ಮಗುಚಿದ ಮಣ್ಣು ಮಾತ್ರ. ಆದುದರಿಂದ ಈಚೆಗೆ ಸಹಕಾರಿ ಸಂಘದ ಸಭೆಗಳಲ್ಲಿಯೂ ಅಂಗಡಿಯ ಜಗಲಿಗಳಲ್ಲಿಯೂ ಒಂದು ಮಾತು ಕೇಳಿಬರುತ್ತಿದೆ: “ಪಂಪಿಗೆ ಸಾಲವುಂಟು, ಹಸುವಿಗೆ ಸಾಲವುಂಟು, ಬೆಳೆ ಕಾಯುವ ಕೋವಿಗೆ ಮಾತ್ರ ಏಕಿಲ್ಲ?” ಮಾತು ನ್ಯಾಯವೆಂದೇ ಮೇಲ್ನೋಟಕ್ಕೆ ತೋರುತ್ತದೆ. ಆದರೆ ಕಾನೂನು ಏನು ಹೇಳುತ್ತದೆ, ಲಾಭನಷ್ಟದ ಲೆಕ್ಕ ಏನು ಹೇಳುತ್ತದೆ ಎಂಬುದನ್ನು ಕೃಷಿಕ ಬಾಂಧವರು ನಿಧಾನವಾಗಿ ಆಲೋಚಿಸಬೇಕೆಂದು ನಾವು ಬಯಸುತ್ತೇವೆ.

ಬೆಳೆ ರಕ್ಷಣೆಗೆ ಕೋವಿ ಇಟ್ಟುಕೊಳ್ಳುವುದನ್ನು ಕಾನೂನು ನಿಷೇಧಿಸಿಲ್ಲ. 1959ರ ಆಯುಧ ಕಾಯ್ದೆಯ 13ನೆಯ ಕಲಮಿನಲ್ಲಿ, ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡಬೇಕೆಂದೇ ಹೇಳಿದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ತೋಟೆ ಕೋವಿಗೂ ಕೊಡಬಹುದು. 2019ರ ತಿದ್ದುಪಡಿಯ ಮೇಲೆ ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಇಷ್ಟರ ಮಟ್ಟಿಗೆ ಕಾನೂನು ಕೃಷಿಕನ ಪಕ್ಷದಲ್ಲಿಯೇ ಇದೆ.

ತೊಡಕು ಬರುವುದು ಸಾಲದ ವಿಷಯದಲ್ಲಿ. ಸಾಲ ಕೊಡುವವನು ಈಡು ಕೇಳುತ್ತಾನೆ. ಬಂಗಾರವನ್ನು ಅಡವಿಡಬಹುದು, ಪಂಪನ್ನೋ ಟಿಲ್ಲರನ್ನೋ ಕಂತು ತಪ್ಪಿದರೆ ಬ್ಯಾಂಕಿನವರು ಒಯ್ದು ಮಾರಬಹುದು. ಕೋವಿಯನ್ನು ಹಾಗೆ ಮಾಡಲಾಗದು. ಅದೇ ಕಾಯ್ದೆಯು ‘ಹಸ್ತಾಂತರ’ ಎಂಬ ಮಾತಿಗೆ ಬಾಡಿಗೆಗೆ ಕೊಡುವುದು, ಎರವಲು ಕೊಡುವುದು, ಸುಮ್ಮನೆ ಕೊಡುವುದು, ಕೈಯಿಂದ ಬಿಟ್ಟುಕೊಡುವುದು ಇಷ್ಟನ್ನೂ ಸೇರಿಸಿದೆ. ಆದುದರಿಂದ ಪರವಾನಗಿಯಿಲ್ಲದ ಸಾಹುಕಾರನಲ್ಲಿ ಕೋವಿಯನ್ನು ಅಡವಿಟ್ಟರೆ, ಇಟ್ಟವನೂ ಅಪರಾಧಿ, ಇಟ್ಟುಕೊಂಡವನೂ ಅಪರಾಧಿ. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಂಡವನಿಗೆ 2019ರ ತಿದ್ದುಪಡಿಯ ಪ್ರಕಾರ ಎರಡರಿಂದ ಐದು ವರ್ಷದ ಸೆರೆವಾಸವೂ ದಂಡವೂ ಉಂಟು. “ನಾಲ್ಕು ಮನೆಯವರು ಸೇರಿ ಒಂದು ಕೋವಿ ಕೊಂಡು ಸರದಿಯಂತೆ ಕಾಯೋಣ” ಎನ್ನುವವರೂ ಇದನ್ನು ನೆನಪಿಡಬೇಕು. ನೆರೆಯವನಿಗೆ ಒಂದು ರಾತ್ರಿಯ ಎರವಲೂ ಕಾನೂನಿನ ಕಣ್ಣಿಗೆ ಹಸ್ತಾಂತರವೇ.

ಇನ್ನೊಂದು ಸಂಗತಿಯಿದೆ. ಕೋವಿಯ ಒಡೆತನ ನಿಂತಿರುವುದು ಪರವಾನಗಿಯ ಮೇಲೆ. ಅಧಿಕಾರಿಯು ಅದನ್ನು ತಡೆಹಿಡಿಯಬಹುದು, ರದ್ದುಮಾಡಬಹುದು. ಪರವಾನಗಿ ಹೋದ ದಿನ ಕೋವಿಯನ್ನು ಪೊಲೀಸು ಠಾಣೆಯಲ್ಲಿಯೋ ಪರವಾನಗಿಯುಳ್ಳ ವ್ಯಾಪಾರಿಯಲ್ಲಿಯೋ ಒಪ್ಪಿಸಬೇಕು. ಯಜಮಾನನು ತೀರಿಕೊಂಡರೆ ಮಕ್ಕಳಿಗೂ ಅದೇ ಪಾಡು. ತಮ್ಮ ಹೆಸರಿಗೆ ಪರವಾನಗಿ ಸಿಗುವ ತನಕ ಮನೆಯಲ್ಲಿಟ್ಟುಕೊಳ್ಳುವಂತಿಲ್ಲ. ಕೋವಿ ಠಾಣೆಯಲ್ಲಿರುತ್ತದೆ, ಕಂತು ಮಾತ್ರ ಮನೆಗೆ ಬರುತ್ತದೆ. ಇಂತಹ ಸಾಲದಿಂದ ಯಾರಿಗೆ ಹಿತ?

ಬೆಳೆಸಾಲದ ಹಣದಿಂದಲೇ ಕೋವಿ ಕೊಂಡರಾಯಿತು ಎನ್ನುವವರೂ ಇದ್ದಾರೆ. 1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡಿನ ಸಾಲ ಬಿತ್ತನೆ, ಗೊಬ್ಬರ, ಕೂಲಿ, ಕೊಯ್ಲಿನ ಅನಂತರದ ಖರ್ಚು ಮುಂತಾದವುಗಳಿಗೆ ಮೀಸಲು. ಮೂರು ಲಕ್ಷದ ತನಕದ ಬೆಳೆಸಾಲಕ್ಕೆ ಬಡ್ಡಿ ಶೇಕಡಾ 7. ಹೊತ್ತಿಗೆ ಸರಿಯಾಗಿ ತೀರಿಸಿದವನಿಗೆ 4 ಮಾತ್ರ. ಬೆಳೆ ಬಂದಾಗ ತೀರಿಸಬೇಕಾದ ಹಣವನ್ನು ಕೋವಿಯಲ್ಲಿ ಹೂಡಿದರೆ ಗೊಬ್ಬರಕ್ಕೆ ಪುನಃ ಕೈಸಾಲ ಮಾಡಬೇಕಾಗುತ್ತದೆ. ಅಗ್ಗದ ಸಾಲವನ್ನು ಕೆಡಿಸಿ ದುಬಾರಿ ಸಾಲವನ್ನು ತಂದುಕೊಂಡಂತಾಯಿತು.

ಅಲ್ಲದೆ, ಕೋವಿ ಕೊಂಡ ಮಾತ್ರಕ್ಕೆ ಹಂದಿಗೆ ಗುಂಡು ಹಾರಿಸುವ ಹಕ್ಕು ಬರುವುದಿಲ್ಲ. ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಆಶ್ರಯದಲ್ಲಿದೆ. ನಿಂತ ಬೆಳೆಗೆ ಅಪಾಯವೆಂದು ಅಧಿಕಾರವುಳ್ಳವರು ಬರಹದಲ್ಲಿ ಅಪ್ಪಣೆ ಕೊಡಬೇಕು. ಕೇರಳ ಸರಕಾರವು 2022ರ ಮೇ ತಿಂಗಳಲ್ಲಿ ಆ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೂ ನಗರಸಭೆಯ ಅಧ್ಯಕ್ಷರಿಗೂ ವಹಿಸಿ, ಆ ಬಳಿಕ ಅವಧಿಯನ್ನು ಮುಂದುವರಿಸಿತು. ಕೋವಿ ಪರವಾನಗಿಯುಳ್ಳವರಿಂದ ಹೊಡೆಯಿಸಬಹುದು. ವಿಷ, ಸ್ಫೋಟಕ, ವಿದ್ಯುತ್ ತಂತಿ ಕೂಡದು.

ಇಲ್ಲಿಯೇ ಬಡ ಕೃಷಿಕನ ದಾರಿಯಿದೆ. “ಹಣವಂತನು ಕೋವಿ ಕೊಳ್ಳುತ್ತಾನೆ, ಅರ್ಧ ಎಕರೆಯವನು ಏನು ಮಾಡಬೇಕು?” ಎಂಬ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಅವನಿಗೆ ಬೇಕಾದುದು ಕೋವಿಯ ಒಡೆತನವಲ್ಲ, ಬೆಳೆಯ ರಕ್ಷಣೆ. ಪರವಾನಗಿಯುಳ್ಳ ನುರಿತ ಕೋವಿಕಾರರ ಪಟ್ಟಿಯನ್ನು ಪಂಚಾಯತು ಸಿದ್ಧವಾಗಿಡಲಿ. ಅವರ ತೋಟೆಯ ಖರ್ಚನ್ನೂ ಓಡಾಟದ ಖರ್ಚನ್ನೂ ಸಾರ್ವಜನಿಕ ಹಣದಿಂದ ಕೊಡಲಿ. ಅರ್ಜಿಯನ್ನು ಮಲಯಾಳದಲ್ಲಿಯೇ ಬರೆಯಬೇಕೆಂದು ಅಂಜಬೇಕಾಗಿಲ್ಲ. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ.

ಸಾಲ ಮಾಡಲೇಬೇಕಾದರೆ ಬೇಲಿಗೆ ಮಾಡೋಣ. ಸೌರ ಬೇಲಿಯ ಮೆಲುಪೆಟ್ಟು ಹಂದಿಯನ್ನು ಬೆದರಿಸುತ್ತದೆ, ಕೊಲ್ಲುವುದಿಲ್ಲ. ಕಂಬದ ತಂತಿಯಿಂದ ನೇರವಾಗಿ ವಿದ್ಯುತ್ ಹರಿಸುವ ಕಳ್ಳಬೇಲಿಯಾದರೋ ಹಂದಿಯ ಜೊತೆಗೆ ಮನುಷ್ಯನನ್ನೂ ದನವನ್ನೂ ಬಲಿ ತೆಗೆದುಕೊಳ್ಳುತ್ತದೆ. ಬೇಲಿಯನ್ನು ಹತ್ತು ಮನೆಯವರು ಒಟ್ಟಾಗಿ ಹಾಕಬಹುದು, ಖರ್ಚನ್ನು ಹಂಚಿಕೊಳ್ಳಬಹುದು, ಅದಕ್ಕೆ ಪರವಾನಗಿ ನವೀಕರಣದ ಅಲೆದಾಟವಿಲ್ಲ. ಕೋವಿಗೆ ಈ ಗುಣಗಳಲ್ಲಿ ಒಂದೂ ಇಲ್ಲ. ಸಹಕಾರಿ ಸಂಘಗಳು ಇಂತಹ ಒಟ್ಟು ಬೇಲಿಗೆ ಐದಾರು ವರ್ಷದ ಕಂತಿನ ಸಾಲ ಕೊಡಬೇಕೆಂದು ಸದಸ್ಯರು ಮಹಾಸಭೆಯಲ್ಲಿ ಗಟ್ಟಿಯಾಗಿ ಕೇಳಲಿ. 2026ರ ಮುಂಗಾರಿನಿಂದ ಕಾಡುಪ್ರಾಣಿಗಳಿಂದಾದ ನಷ್ಟವನ್ನೂ ಬೆಳೆವಿಮೆಗೆ ಸೇರಿಸುವುದಾಗಿ ಕೇಂದ್ರ ಸರಕಾರ 2025ರ ನವೆಂಬರಿನಲ್ಲಿ ಪ್ರಕಟಿಸಿದೆ. ನಷ್ಟವಾದ 72 ಗಂಟೆಗಳೊಳಗೆ ಫೋಟೋ ಸಹಿತ ತಿಳಿಸಬೇಕೆಂಬ ನಿಯಮವನ್ನು ಮನೆಯ ಓದುಬಲ್ಲ ಮಕ್ಕಳು ಈಗಲೇ ತಿಳಿದಿಟ್ಟುಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ, ಹೇಳಲು ಕಷ್ಟವಾದರೂ ಹೇಳಲೇಬೇಕಾದ ಮಾತು. ಈ ಶತಮಾನದ ಮೊದಲ ವರ್ಷಗಳಲ್ಲಿ ಕರಿಮೆಣಸಿನ ಬೆಲೆ ಬಿದ್ದು ಸಾಲ ಏರಿದಾಗ ವಯನಾಡಿನ ಎಷ್ಟೋ ಮನೆಗಳು ಯಜಮಾನರನ್ನು ಕಳೆದುಕೊಂಡವು. ಕೃಷಿಕರ ಋಣಪರಿಹಾರ ಆಯೋಗದ ಕಾಯ್ದೆಯನ್ನು ಕೇರಳವು 2006ರಲ್ಲಿ ಮಾಡಬೇಕಾಗಿ ಬಂತು. ಕಂತು ತಪ್ಪಿದ ಮನೆಯಲ್ಲಿ ನಿದ್ದೆಯಿಲ್ಲದ ರಾತ್ರಿಗಳು ಇದ್ದೇ ಇರುತ್ತವೆ. ಆ ಚಿಂತೆಯೂ ಮದ್ದು ತುಂಬಿದ ಕೋವಿಯೂ ಒಂದೇ ಸೂರಿನಡಿ ಇರುವುದು ತರವಲ್ಲ. ಕೈಯಲ್ಲಿ ಹಣವಿದ್ದು, ಗುರಿ ಬಲ್ಲವನಾಗಿ, ಪರವಾನಗಿ ಪಡೆದವನು ಕೋವಿ ಇಟ್ಟುಕೊಳ್ಳಲಿ. ಅದಕ್ಕೆ ನಮ್ಮ ಅಡ್ಡಿಯಿಲ್ಲ. ಸಾಲದ ಕೋವಿ ಮಾತ್ರ ಯಾವ ಕೃಷಿಕನ ಮನೆಗೂ ಬೇಡ.