ಕೋಲ್ಟೋ, ಸ್ಪ್ರಿಂಗ್‌ಫೀಲ್ಡೋ? - ಒಂದು ಪಿಸ್ತೂಲು ಪುರಾಣ

ನ್ಯೂಜೆರ್ಸಿಯಲ್ಲಿರೋ ಗೆಳೆಯನಿಗೆ ಸಿಟಿಜನ್‌ಶಿಪ್ ಸಿಕ್ಕಿ ಮೂರು ವಾರ ಆಗಿರಲಿಲ್ಲ, ಫೋನ್ ಬಂತು.

"ಮಾರಾಯ, ಒಂದು 1911 ತಗೋಬೇಕು ಅಂತಿದೀನಿ. ಯಾವ ಬ್ರ್ಯಾಂಡು ತಗೊಳ್ಳಲಿ? ಕೋಲ್ಟೇ ತಗೊಂಡುಬಿಡ್ಲಾ?"

ಗ್ರೀನ್ ಕಾರ್ಡ್ ಇದ್ದಾಗಲೇ ತಗೋಬಹುದಿತ್ತು ಕಣೋ ಅಂದೆ. ಪಾಪ, ಅವನಿಗೆ ಗೊತ್ತಿರಲಿಲ್ಲ. ಎಚ್-1ಬಿ ಮೇಲಿರೋರಿಗೆ ಮಾತ್ರ ಇಲ್ಲಿಯ ಫೆಡರಲ್ ಕಾನೂನು ಬಂದೂಕು ಕೊಳ್ಳೋದಕ್ಕೂ ಬಿಡಲ್ಲ, ಇಟ್ಟುಕೊಳ್ಳೋದಕ್ಕೂ ಬಿಡಲ್ಲ (ಬೇಟೆ ಲೈಸೆನ್ಸ್ ಥರದ ಒಂದೆರಡು ವಿನಾಯಿತಿ ಬಿಟ್ಟು). ಇದು ಗೊತ್ತಿಲ್ಲದೆ ಎಡವೋ ನಮ್ಮ ಹುಡುಗರಿಗೆ ಕೆಲಸ, ವೀಸಾ ಎರಡೂ ಹೋಗಬಹುದು. ಹಾಗಾಗಿ ಮೊದಲೇ ಹೇಳಿಬಿಟ್ಟೆ.

ಬಿಸಿಬೇಳೆಬಾತ್, ಭಾವಗೀತೆ ಬರೆಯೋ ಜಾಗದಲ್ಲಿ ಇವನೇನಪ್ಪ ಪಿಸ್ತೂಲು ಹಿಡ್ಕೊಂಡು ಬಂದ ಅಂತ ಕೆಲವರಿಗೆ ಅನ್ನಿಸಬಹುದು. ಏನು ಮಾಡೋದು, ಅವನಿಗೆ ಫೋನಲ್ಲಿ ಒಂದೂವರೆ ಗಂಟೆ ಕೊರೆದದ್ದನ್ನ ಬರೆದಿಟ್ಟರೆ ಮುಂದಿನವನಿಗೆ ಲಿಂಕ್ ಕೊಟ್ಟು ಕೈ ತೊಳೆದುಕೊಳ್ಳಬಹುದಲ್ಲ :-)

ಮಲೆನಾಡಿನ ಕಡೆಯವರಿಗೆ ಕೋವಿ ಹೊಸದಲ್ಲ. ಕೇಪಿನ ಕೋವಿ, ತೋಟೆ ಕೋವಿ ಅಂತ ಕೇಳಿಕೊಂಡೇ ಬೆಳೆದವರು ನಾವು. ಆದರೆ ಪಿಸ್ತೂಲು ಅಂದರೆ ಸಿನಿಮಾದ ವಸ್ತು. ಅಮೆರಿಕದ ಸಿನಿಮಾದಲ್ಲಿ ಎರಡನೇ ಮಹಾಯುದ್ಧದ ಯಾವ ಆಫೀಸರ್ ಸೊಂಟ ನೋಡಿದರೂ ಕಾಣೋದು ಇದೇ 1911. ಯೂಟಾದ ಆಗ್ಡನ್ ಊರಿನ ಜಾನ್ ಮೋಸೆಸ್ ಬ್ರೌನಿಂಗ್ ಅನ್ನೋ ಮಹಾನುಭಾವ ಕೋಲ್ಟ್ ಕಂಪನಿಗಾಗಿ ಮಾಡಿದ ವಿನ್ಯಾಸ. ಪರೀಕ್ಷೆಯಲ್ಲಿ 6000 ಗುಂಡು ಹಾರಿಸಿದರೂ ಒಂದು ಸಲವೂ ಸಿಕ್ಕಿಹಾಕಿಕೊಳ್ಳಲಿಲ್ಲವಂತೆ. 1911ರ ಮಾರ್ಚ್ 29ರಂದು ಸೈನ್ಯ ಒಪ್ಪಿಕೊಂಡಿತು, 1985ರಲ್ಲಿ ಬೆರೆಟ್ಟಾ ಬರೋವರೆಗೂ ಅದೇ ಅಧಿಕೃತ ಪಿಸ್ತೂಲು. ಎಪ್ಪತ್ತನಾಲ್ಕು ವರ್ಷ! ಅಷ್ಟಕ್ಕೂ ನಿಲ್ಲದೆ 2012ರಲ್ಲಿ ಮರೀನ್‌ಗಳು ಮತ್ತೆ ಕೋಲ್ಟ್ ಹತ್ತಿರ ಹೋಗಿ ಹೊಸದಾಗಿ ಮಾಡಿಸಿಕೊಂಡರು. ಬ್ರೌನಿಂಗ್ ಶುರುಮಾಡಿ ಬೇರೆಯವರು ಮುಗಿಸಿದ ಹೈ-ಪವರ್ ನಮ್ಮ ದೇಶಕ್ಕೂ ಬಂದಿದೆ. ಭಾರತದ ಸೇನೆ, ಪೊಲೀಸರ ಕೈಲಿ ಕಾಣೋ ಇಶಾಪುರ ಕಾರ್ಖಾನೆಯ 9 ಎಂಎಂ ಪಿಸ್ತೂಲು ಅದರದ್ದೇ ತದ್ರೂಪ.

ಇರಲಿ, ಬ್ರ್ಯಾಂಡಿಗೆ ಬರೋಣ.

ಗೆಳೆಯನ ಕೋಲ್ಟ್ ಹುಚ್ಚಿಗೆ ಕಾರಣ ಸ್ಲೈಡ್ ಮೇಲಿರೋ ಕುದುರೆ. ಮುಂಗಾಲೆತ್ತಿ ನಿಂತ ಕುದುರೆಯೇ ಆ ಕಂಪನಿಯ ಗುರುತು. "ಒರಿಜಿನಲ್ ಅಂದ್ರೆ ಅದೇ ಅಲ್ವೇನೋ" ಅಂತ ಅವನ ವಾದ. ನನಗೆ ಈ 'ಒರಿಜಿನಲ್' ಅನ್ನೋ ಮಾತಿನ ಮೇಲೇ ಅನುಮಾನ. ಎರಡನೇ ಮಹಾಯುದ್ಧದಲ್ಲಿ ಈ ಪಿಸ್ತೂಲನ್ನ ಅತಿ ಹೆಚ್ಚು ಮಾಡಿದ್ದು ಕೋಲ್ಟ್ ಅಲ್ಲ, ಟೈಪ್‌ರೈಟರ್ ಮಾಡುತ್ತಿದ್ದ ರೆಮಿಂಗ್ಟನ್ ರ್‍ಯಾಂಡ್! ರೈಲ್ವೆ ಸಿಗ್ನಲ್ ಮಾಡುತ್ತಿದ್ದ ಯೂನಿಯನ್ ಸ್ವಿಚ್ ಅಂಡ್ ಸಿಗ್ನಲ್ ಮಾಡಿತು. ನಮ್ಮ ಅಮ್ಮಂದಿರು ಕಾಲಲ್ಲಿ ತುಳಿದ ಸಿಂಗರ್ ಹೊಲಿಗೆ ಮಿಷನ್ ಕಂಪನಿ ಕೂಡ 500 ಪಿಸ್ತೂಲು ಮಾಡಿಕೊಟ್ಟಿತ್ತು. ಆ ಸಿಂಗರ್‌ಗಳನ್ನ ಸಂಗ್ರಹಕಾರರು ಇವತ್ತು ಆಸ್ತಿ ಮಾರಿ ಕೊಳ್ಳುವಂತಾಗಿದೆ. ಅಂದರೆ ನಕ್ಷೆ ಸರಿಯಿದ್ದು, ಅಳತೆ ಸರಿಯಿದ್ದರೆ ಯಾರು ಮಾಡಿದರೂ ಗುಂಡು ಹಾರುತ್ತೆ. ಕೋಲ್ಟ್ ಕಂಪನಿಯ ಕಥೆಯಾದರೂ ಏನು? 2015ರಲ್ಲಿ ದಿವಾಳಿ ಅರ್ಜಿ ಹಾಕಿತು, 2021ರಲ್ಲಿ ಜೆಕ್ ದೇಶದ ಸಿಝಡ್ ಗುಂಪು ಕೊಂಡುಕೊಂಡಿತು. ಒಡೆಯರು ಬದಲಾದ ಮೇಲೆ ಮಾಲು ಕೆಟ್ಟಿದೆ ಅಂತ ನಾನು ಹೇಳ್ತಿಲ್ಲ. ಕುದುರೆ ಅದೇ, ಲಾಯ ಬೇರೆ, ಅಷ್ಟೆ.

ಹೆಸರಿನ ಮೋಜು ಇನ್ನೂ ಇದೆ. ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಅಂದರೆ ಮ್ಯಾಸಚೂಸೆಟ್ಸ್‌ನ ಹಳೇ ಸರ್ಕಾರಿ ಕಾರ್ಖಾನೆ ಅಂತ ಎಷ್ಟೋ ಜನ ನಂಬಿದ್ದಾರೆ. ಅದು 1968ರಲ್ಲೇ ಬಾಗಿಲು ಹಾಕಿತು. ಈಗಿನದ್ದು ಆ ಹೆಸರನ್ನು ಎತ್ತಿಕೊಂಡ ಇಲಿನಾಯ್‌ನ ಖಾಸಗಿ ಕಂಪನಿ, ಅದರ 1911ಗಳ ಫೋರ್ಜಿಂಗ್ ಬಹಳ ಕಾಲದಿಂದ ಬ್ರೆಜಿಲ್‌ನ ಇಂಬೆಲ್‌ದು. ರಾಕ್ ಐಲ್ಯಾಂಡ್ ಆರ್ಮರಿ ಅಂತ ಕೇಳಿದರೆ ಅಮೆರಿಕದ ಸೈನ್ಯದ ರಾಕ್ ಐಲ್ಯಾಂಡ್ ಆರ್ಸೆನಲ್ ನೆನಪಾಗುತ್ತೆ, ಆದರೆ ಮಾಲು ತಯಾರಾಗೋದು ಫಿಲಿಪೀನ್ಸ್‌ನ ಮರಿಕಿನಾದಲ್ಲಿ, ಆರ್ಮ್‌ಸ್ಕೋರ್ ಕಾರ್ಖಾನೆಯಲ್ಲಿ. ಇದರಲ್ಲೊಂದು ವಿಚಿತ್ರ ನೋಡಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಫಿಲಿಪೀನ್ಸ್‌ನ ಮೋರೋ ಹೋರಾಟಗಾರರ ಎದುರು ಅಮೆರಿಕನ್ನರ .38 ರಿವಾಲ್ವರ್ ಸಾಲದಾಯಿತು ಅನ್ನೋ ದೂರಿನಿಂದಲೇ .45 ಬೇಕು ಅನ್ನೋ ಕೂಗು ಎದ್ದದ್ದು, ಅದರಿಂದಲೇ ಈ ಪಿಸ್ತೂಲು ಹುಟ್ಟಿದ್ದು. ಈಗ ಅದೇ ಫಿಲಿಪೀನ್ಸ್‌ನವರು ಅದನ್ನ ಮಾಡಿ ಅಮೆರಿಕನ್ನರಿಗೇ ಅಗ್ಗಕ್ಕೆ ಮಾರುತ್ತಿದ್ದಾರೆ!

ಅಗ್ಗ ಅಂದರೆ ಐನೂರು ಡಾಲರ್ ಆಸುಪಾಸು. ಟರ್ಕಿಯ ಟಿಸಾಸ್ ಕೂಡ ಹೆಚ್ಚುಕಮ್ಮಿ ಅದೇ ದರದಲ್ಲಿ ಸಿಗುತ್ತೆ, ಅದೂ ಫ್ರೇಮು ಸ್ಲೈಡು ಎರಡೂ ಫೋರ್ಜ್ ಮಾಡಿದ್ದು. ರಾಕ್ ಐಲ್ಯಾಂಡ್‌ನ ಫ್ರೇಮು ಎರಕದ್ದು. ಎರಕ ಅಂದ ಕೂಡಲೇ ಮೂಗು ಮುರೀಬೇಡಿ, ಎರಕದಲ್ಲಿ ಪಳಗಿದ ರೂಗರ್ ಕೂಡ 2011ರಲ್ಲಿ ಎಸ್ಆರ್1911 ತಂದಾಗ ಎರಕದ ಫ್ರೇಮನ್ನೇ ಬಳಸಿತು, ಅದು ಚೆನ್ನಾಗೇ ಇದೆ. ರೂಗರ್, ಸ್ಪ್ರಿಂಗ್‌ಫೀಲ್ಡ್, ಕೋಲ್ಟ್ ಮೂರೂ ಸಾವಿರ ಡಾಲರಿನ ಆಚೀಚೆ. ಅಲ್ಲಿಂದ ಡ್ಯಾನ್ ವೆಸನ್‌ಗೆ ಹೋದರೆ ಹೆಚ್ಚುಕಮ್ಮಿ ದುಪ್ಪಟ್ಟು. ವಿಲ್ಸನ್ ಕಾಂಬ್ಯಾಟ್, ಲೆಸ್ ಬೇರ್ ಎಲ್ಲ ನಮ್ಮಂಥವರು ಗಾಜಿನ ಈಚೆ ನಿಂತು ನೋಡೋಕೆ.

ಇನ್ನು ಒಳಗಿನ ವಿಷಯ. 1983ರಲ್ಲಿ ಕೋಲ್ಟ್ ತಂದ ಸೀರೀಸ್ 80ಯಲ್ಲಿ ಟ್ರಿಗರ್ ಪೂರ್ತಿ ಎಳೆಯದ ಹೊರತು ಫೈರಿಂಗ್ ಪಿನ್ ಮುಂದಕ್ಕೆ ಹೋಗದ ಹಾಗೆ ಒಂದು ತಡೆ ಇದೆ. ಪಿಸ್ತೂಲು ಕೈಜಾರಿ ಬಿದ್ದರೂ ಗುಂಡು ಹಾರಬಾರದು ಅಂತ. ಅದರ ಹಿಂದಿನ ಸೀರೀಸ್ 70ಯಲ್ಲಿ ಇದಿಲ್ಲ. ಕಿಂಬರ್‌ನವರ ಬಹುಪಾಲು ಮಾದರಿಗಳಲ್ಲಿ, ಸ್ಮಿತ್ ಅಂಡ್ ವೆಸನ್‌ನಲ್ಲಿ ಈ ತಡೆ ಹಿಡಿಯ ಹಿಂದಿನ ಗ್ರಿಪ್ ಸೇಫ್ಟಿಗೆ ಜೋಡಿಸಿರುತ್ತೆ. ಸ್ಪ್ರಿಂಗ್‌ಫೀಲ್ಡ್, ರೂಗರ್ ಹಗುರವಾದ ಟೈಟಾನಿಯಂ ಪಿನ್ ಹಾಕಿ ಅದೇ ಕೆಲಸ ಮಾಡಿಸುತ್ತವೆ, ತಡೆ ಗಿಡೆ ಏನೂ ಇಲ್ಲ. ಪಂಡಿತರು ಸೀರೀಸ್ 80ಯಿಂದ ಟ್ರಿಗರ್ ಹಾಳಾಗುತ್ತೆ ಅಂತ ಊಟ ಬಿಟ್ಟು ಜಗಳ ಆಡ್ತಾರೆ. ನಿಜ ಹೇಳಬೇಕಂದ್ರೆ ನಿಮ್ಮ ನನ್ನ ಬೆರಳಿಗೆ ಆ ವ್ಯತ್ಯಾಸ ಗೊತ್ತಾಗಲ್ಲ. ಮನೇಲಿ ಮಕ್ಕಳಿರೋ, ಹೊಸದಾಗಿ ಕಲಿಯೋ ಮನುಷ್ಯನಿಗೆ ಪಿನ್‌ಗೆ ಏನಾದರೂ ಒಂದು ವ್ಯವಸ್ಥೆ ಇರೋದೇ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ಬೈಯೋರು ಬೈಕೊಳ್ಳಿ.

ನನ್ನ ಅನುಭವ ಒಂದು ಹೇಳ್ತೀನಿ, ಬ್ರ್ಯಾಂಡ್ ಹೆಸರು ಬೇಡ. ನಾನು ಮೊದಲು ಕೊಂಡದ್ದು ಹೊಳೆಯೋ ದುಬಾರಿ 1911. ಮೊದಲ ದಿನ ರೇಂಜಲ್ಲಿ ನೂರು ಗುಂಡಿಗೆ ಏಳು ಸಲ ಸಿಕ್ಕಿಹಾಕಿಕೊಂಡಿತು. "ಐನೂರು ಗುಂಡು ಹೊಡೀರಿ, ಪಳಗುತ್ತೆ" ಅಂದರು ಅಂಗಡಿಯವರು. ಹೊಸ ಚಪ್ಪಲಿ ಕಚ್ಚಿದ ಹಾಗೆ ಅಂತ ಸಮಾಧಾನ ಮಾಡಿಕೊಂಡು ಹೊಡೆದೆ, ಪಳಗಲಿಲ್ಲ. ಫ್ಯಾಕ್ಟರಿಗೆ ಕಳಿಸಿದೆ, ಆರು ವಾರದ ಮೇಲೆ ಬಂತು, ಅದೇ ರಾಗ. ಕೊನೆಗೆ ಪಕ್ಕದ ಲೇನಲ್ಲಿದ್ದ ವಿಯೆಟ್ನಾಂ ಕಾಲದ ಅಜ್ಜ ಒಬ್ಬರು ಏನೂ ಮಾತಾಡದೆ ತಮ್ಮ ಎರಡು ಮ್ಯಾಗಜೀನ್ ನನ್ನ ಮುಂದೆ ಇಟ್ಟರು. ಅವತ್ತು ನೂರಕ್ಕೆ ನೂರು! ಪಿಸ್ತೂಲಿಗೆ ಅಷ್ಟು ದುಡ್ಡು ಸುರಿದವನು ನಾನು, ತಪ್ಪಿದ್ದದ್ದು ಅದರ ಜೊತೆ ಬಂದ ತಗಡಿನ ಡಬ್ಬಿಯಲ್ಲಿ. 1911 ಕೈಕೊಟ್ಟರೆ ಮೊದಲು ಮ್ಯಾಗಜೀನ್ ಬದಲಿಸಿ, ಆಮೇಲೆ ಎಕ್ಸ್‌ಟ್ರಾಕ್ಟರಿನ ಬಿಗಿ ನೋಡಿ, ಫ್ಯಾಕ್ಟರಿಗೆ ಕಳಿಸೋದು ಕೊನೇ ಮಾತು.

ಇದನ್ನೆಲ್ಲ ಹೇಳುತ್ತಿದ್ದಾಗ ಗೆಳೆಯನ ಹೆಂಡತಿ ಫೋನ್ ಕಿತ್ತುಕೊಂಡರು.

"ಅಣ್ಣಾ, ನೀವಾದ್ರೂ ಹೇಳಿ. ಇವರು ಮನೆ ರಕ್ಷಣೆಗೆ ಅಂತಿದಾರೆ. ಹಾಸಿಗೆ ಪಕ್ಕದ ಡ್ರಾಯರಲ್ಲಿ ಇಟ್ಕೋತಾರಂತೆ. ಮಗಂಗೆ ಒಂಬತ್ತು ವರ್ಷ."

ಅಲ್ಲಿಗೆ ಬ್ರ್ಯಾಂಡಿನ ಮಾತು ನಿಂತಿತು. ನಾನು ಅವನನ್ನ ಮತ್ತೆ ಲೈನಿಗೆ ಕರೆದು ಕೇಳಿದೆ, ಯಾಕೆ ಬೇಕು ನಿಂಗೆ ಇದು, ಸರಿಯಾಗಿ ಹೇಳು ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದ. ಅವರ ಬೀದಿಯ ಕೊನೇ ಮನೆಯಲ್ಲಿ ಕಳ್ಳತನ ಆಗಿದೆ. ನಮ್ಮವರ ಮನೆಯಲ್ಲಿ ಚಿನ್ನ ಇರುತ್ತೆ ಅಂತ ಕಳ್ಳರಿಗೂ ಗೊತ್ತು. ಆಮೇಲಿಂದ ಅವನಿಗೆ ನಿದ್ದೆ ಸರಿಯಾಗಿ ಬರ್ತಿಲ್ಲವಂತೆ.

ನಾನು ಹೇಳಿದ್ದು ಇಷ್ಟು. ನಿದ್ದೆ ಬರೋದಕ್ಕೆ 1911 ತಗೋಬೇಡ. ಇದು ಏಳು ಗುಂಡು ತುಂಬೋ, ಒಂದು ಕೇಜಿ ದಾಟೋ, ಹ್ಯಾಮರ್ (ಮಲೆನಾಡಲ್ಲಿ ನಾವು ಕೋವಿಯ ಕುದುರೆ ಅನ್ನೋದು) ಹಿಂದಕ್ಕೆಳೆದು ಲಾಕ್ ಹಾಕಿ ಇಟ್ಟುಕೊಳ್ಳೋ ಹಳೇ ಕಾಲದ ಯಂತ್ರ. ನಡುರಾತ್ರಿ ಗಾಬರಿಯಲ್ಲಿ ಎದ್ದು ಹೆಬ್ಬೆರಳಲ್ಲಿ ಆ ಲಾಕ್ ತೆಗೆಯೋದಕ್ಕೆ ಸಾವಿರಾರು ಸಲ ಅಭ್ಯಾಸ ಬೇಕು. ಅಭ್ಯಾಸಕ್ಕೆ ಗುಂಡು ಬೇಕು. .45 ಗುಂಡು ಸಾವಿರಕ್ಕೆ ಸುಮಾರು ಐನೂರು ಡಾಲರ್, ಅಂದರೆ ಒಂದು ರಾಕ್ ಐಲ್ಯಾಂಡ್ ಬೆಲೆ! ಅದೂ ಅಲ್ಲದೆ, ಈ ದೇಶದಲ್ಲಿ ಬಂದೂಕಿಗೆ ಬಲಿಯಾಗೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆತ್ಮಹತ್ಯೆ ಮಾಡಿಕೊಂಡೋರು, ಕಳ್ಳನ ಕೈಲಿ ಸತ್ತೋರಲ್ಲ. ಡ್ರಾಯರಲ್ಲಿ ಇಟ್ಟ ಪಿಸ್ತೂಲು ಕಳ್ಳನಿಗಿಂತ ಮೊದಲು ನಿನ್ನ ಮಗನ ಕೈಗೆ ಸಿಗುತ್ತೆ. ಚಿನ್ನ ಬ್ಯಾಂಕ್ ಲಾಕರಿಗೆ ಹಾಕು, ಬಾಗಿಲಿಗೆ ಗಟ್ಟಿ ಚಿಲಕ ಹಾಕಿಸು, ಅಲಾರಂ ಹಾಕಿಸು.

ಇದಾದ ಮೇಲೂ ರೇಂಜಿಗೆ ಹೋಗೋ ಆಸೆಗೆ, ಕೈಯಲ್ಲಿ ಹಿಡಿದು ಬಿಚ್ಚಿ ಜೋಡಿಸೋ ಖುಷಿಗೆ 1911 ಬೇಕು ಅಂತಿದ್ದರೆ ಖಂಡಿತ ತಗೋ. ಅದರ ಟ್ರಿಗರ್ ನೇರ ಹಿಂದಕ್ಕೆ ಸರಿಯೋ ಪರಿ ಬೇರೆ ಪಿಸ್ತೂಲಿನಲ್ಲಿ ಸಿಗಲ್ಲ. ಬ್ರೌನಿಂಗ್ ಕಾಗದದ ಮೇಲೆ ಯೋಚಿಸಿದ್ದು ನೂರಕ್ಕೂ ಹೆಚ್ಚು ವರ್ಷದ ಮೇಲೆ ನಿನ್ನ ಬೆರಳಿಗೆ ಸಿಗುತ್ತೆ, ಅದು ಸಣ್ಣ ವಿಷಯ ಅಲ್ಲ.

ಯಾವುದು ಅಂದರೆ, ನನ್ನ ವೋಟು ರೂಗರ್ ಅಥವಾ ಸ್ಪ್ರಿಂಗ್‌ಫೀಲ್ಡ್ ಮಿಲ್-ಸ್ಪೆಕ್‌ಗೆ. ಹಳೇ ಕಾಲದ ರೂಪ ಬೇಕು ಅಂದರೆ ಸ್ಪ್ರಿಂಗ್‌ಫೀಲ್ಡ್. ಕಣ್ಣಿಗೆ ಚೆನ್ನಾಗಿ ಕಾಣೋ ಸೈಟ್ಸು, ತುಕ್ಕು ಹಿಡಿಯದ ಸ್ಟೇನ್‌ಲೆಸ್ ಬೇಕು ಅಂದರೆ ರೂಗರ್. ಬಜೆಟ್ ಬಿಗಿ ಇದ್ದರೆ ನಾಚಿಕೆ ಪಡದೆ ಟಿಸಾಸ್ ತಗೊಂಡು ಉಳಿದ ದುಡ್ಡಿಗೆ ಗುಂಡು ತಗೋ. ಕೋಲ್ಟ್ ಕೆಟ್ಟದ್ದಲ್ಲ, ಮುಂದೆ ಮಾರಿದರೆ ಒಳ್ಳೇ ಬೆಲೆಯೂ ಬರುತ್ತೆ, ಆದರೆ ಆ ಕುದುರೆಗೆ ಕೊಡೋ ಹೆಚ್ಚುವರಿ ದುಡ್ಡು ಗುರಿಗೆ ತಾಗಲ್ಲ. ಇತಿಹಾಸವೇ ಬೇಕು ಅಂದರೆ ಸರ್ಕಾರದ ಉಗ್ರಾಣದ ನಿಜವಾದ ಹಳೇ ಸೈನ್ಯದ 1911ಗಳನ್ನ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂನವರು 2018ರಿಂದ ಮಾರೋದಕ್ಕೆ ಶುರು ಮಾಡಿದರು. ರ್‍ಯಾಂಡಮ್ ನಂಬರ್ ಮೇಲೆ ಸರದಿ. ಅದೃಷ್ಟ ಇದ್ದರೆ ಟೈಪ್‌ರೈಟರ್ ಕಂಪನಿಯದ್ದೇ ಸಿಕ್ಕೀತು.

ಯಾವುದೇ ತಗೊಂಡರೂ ಎರಡು ಒಳ್ಳೇ ಮ್ಯಾಗಜೀನ್ (ನಾನು ಬಳಸೋದು ವಿಲ್ಸನ್ ಕಾಂಬ್ಯಾಟ್ 47ಡಿ), ಬಿಲ್ಲಿನಲ್ಲಿ ಪಿಸ್ತೂಲಿಗಿಂತ ಮೊದಲು ಗೋಡೆಗೆ ಬೋಲ್ಟ್ ಮಾಡೋ ಲಾಕ್ ಬಾಕ್ಸ್. ಗುಂಡಿಗೆ ಬೇರೆ ಡಬ್ಬಿ, ಬೇರೆ ಬೀಗ.

ನ್ಯೂಜೆರ್ಸಿಯಲ್ಲಿ ಅಂಗಡಿಗೆ ಹೋಗಿ ತರಕಾರಿ ಥರ ತರೋಕಾಗಲ್ಲ. ಬೆರಳಚ್ಚು, ಮಾನಸಿಕ ಆರೋಗ್ಯದ ದಾಖಲೆ ನೋಡೋಕೆ ಒಪ್ಪಿಗೆ, ನಿಮ್ಮನ್ನ ಬಲ್ಲ ಇಬ್ಬರ ಹೆಸರು, ಆಮೇಲೆ ಪ್ರತಿ ಪಿಸ್ತೂಲಿಗೂ ಬೇರೆ ಪರ್ಮಿಟ್ಟು. ಬಲ್ಲ ಇಬ್ಬರಲ್ಲಿ ಒಬ್ಬ ನಾನೇ ಅಂತ ಕೊಟ್ಟಿದ್ದಾನೆ. ಫಾರಂ ಬಂದಾಗ ಏನು ಬರೀಬೇಕು ಅಂತ ಯೋಚಿಸ್ತಾ ಇದ್ದೀನಿ. ಹೋದ ಶನಿವಾರ ಅವನ ಹೆಂಡತಿ ಫೋಟೋ ಕಳಿಸಿದ್ದರು, ಕ್ಲಾಸೆಟ್ ಗೋಡೆಗೆ ಲಾಕ್ ಬಾಕ್ಸ್ ಕೂರಿಸಿ ಆಗಿದೆ. ಸದ್ಯಕ್ಕೆ ಅದರೊಳಗಿರೋದು ಅವರ ಬಳೆಗಳಂತೆ.