ಮಾರನ ಹಸಿವು ನಮ್ದು, ಜಮೀನು ಯಾರದ್ದು?



'ಸೂರರೈ ಪೋಟ್ರು' ಸಿನಿಮಾದ ತುಣುಕುಗಳು ಈಗಲೂ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಓಡಾಡ್ತಾನೇ ಇವೆ. ಕೆಳಗಡೆ "ಛಲ ಇದ್ರೆ ಬಡವನೂ ವಿಮಾನ ಹಾರಿಸ್ಬೋದು" ಅಂತ ಒಂದು ಸಾಲು. ಎಸ್ಸೆಸ್ಸೆಲ್ಸಿ ಫೇಲಾದ ಹುಡುಗನಿಗೂ ಅದೇ, ಡಿಗ್ರಿ ಮುಗಿಸಿ ಕೆಲಸ ಇಲ್ಲದೆ ಕೂತ ಹುಡುಗಿಗೂ ಅದೇ.

ಸಿನಿಮಾ ಚೆನ್ನಾಗಿದೆ. ಸುಧಾ ಕೊಂಗರ ನಿರ್ದೇಶನ, ಸೂರ್ಯ ನಟನೆ. 2020ರಲ್ಲಿ ಒಟಿಟಿಯಲ್ಲಿ ಬಂತು, ರಾಷ್ಟ್ರಪ್ರಶಸ್ತಿನೂ ಪಡೀತು. ಸಾಯ್ತಿರೋ ಅಪ್ಪನನ್ನ ನೋಡೋಕೆ ಟಿಕೆಟ್ಟಿಗೆ ದುಡ್ಡು ಸಾಲದೆ ಮಾರ ಏರ್‌ಪೋರ್ಟಲ್ಲಿ ಕಂಡಕಂಡವರ ಮುಂದೆ ಕೈಯೊಡ್ಡುವಾಗ ನನಗೂ ಅಳು ಬಂತು. ನನ್ನ ತಕರಾರು ಸಿನಿಮಾ ಮೇಲಲ್ಲ, ಆ ಕೆಳಗಿನ ಸಾಲಿನ ಮೇಲೆ.

ಈ ಕತೆಯ ಮೂಲ ನಮ್ಮ ಪಕ್ಕದ ಹಾಸನದ್ದು. ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್, 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದವರು. ಅಯ್ಯಂಗಾರ್ ಕುಟುಂಬ, ತಂದೆ ಮೇಷ್ಟ್ರು. ಕನ್ನಡ ಶಾಲೆ, ಆಮೇಲೆ ಬಿಜಾಪುರದ ಸೈನಿಕ ಶಾಲೆ, ಸೇನೆಯಲ್ಲಿ ಅಧಿಕಾರಿ. ಶ್ರೀಮಂತರೇನಲ್ಲ, ಕಷ್ಟ ಪಟ್ಟಿದ್ದೂ ಸುಳ್ಳಲ್ಲ. ಸಾಮಾನ್ಯ ಜನರನ್ನ ವಿಮಾನ ಹತ್ತಿಸಿದ್ದು ಸಣ್ಣ ಸಾಧನೆಯೂ ಅಲ್ಲ. ಸಿನಿಮಾದಲ್ಲಿ ಕಲ್ಪನೆಯೇ ಹೆಚ್ಚು ಅಂತ ಅವರೇ ಹೇಳಿದ್ದಾರೆ.

ಆ ಕಲ್ಪನೆ ಎಲ್ಲಿಂದ ಬಂತು ನೋಡಿ. ತೆರೆ ಮೇಲಿನ ಮಾರ ಕಪ್ಪಂಗಿ ತೊಟ್ಟು ಸ್ವಾಭಿಮಾನ ಮದುವೆ ಆಗ್ತಾನೆ. ಅವನ ಕೈ ತಾಕಿದ್ದಕ್ಕೆ ದೊಡ್ಡ ಉದ್ಯಮಿ ತನ್ನ ಕೈಗೆ ಸ್ಯಾನಿಟೈಸರ್ ಹಾಕ್ಕೋತಾನೆ. ಮುಟ್ಟಿದ್ರೆ ಮೈಲಿಗೆ ಅನ್ನೋ ಅವಮಾನ ಯಾರದ್ದು? ನಮ್ಮದು. ಗೊರೂರಿನ ಸಾಧನೆಗೆ ನಮ್ಮ ಕೇರಿಯ ನೋವು ಸೇರಿಸಿದಾಗ ಸಿನಿಮಾ ಗೆದ್ದಿತು. ಅದೇ ಸಿನಿಮಾ ಈಗ ವಾಪಸ್ ಬಂದು ನಮ್ಮ ಹೈಕ್ಳನ್ನೇ ಕೇಳ್ತಿದೆ: "ಅವನಿಗಾಯ್ತು, ನಿನಗ್ಯಾಕೆ ಆಗಲಿಲ್ಲ?"

ಯಾಕೆ ಆಗಲಿಲ್ಲ ಅನ್ನೋದಕ್ಕೆ ಗೋಪಿನಾಥ್ ಅವರ ಬದುಕಲ್ಲೇ ಉತ್ತರ ಇದೆ. ಹೇಮಾವತಿ ಅಣೆಕಟ್ಟಿಗೆ ಅವರ ಮನೆಯ ಜಮೀನು ಹೋಯ್ತು. ಸರ್ಕಾರ ಬದಲಿಗೆ ಜಾವಗಲ್ ಹತ್ತಿರ ಬಂಜರು ಭೂಮಿ ಕೊಡ್ತು. ಅವರು ಅಲ್ಲೇ ಟೆಂಟ್ ಹಾಕಿ, ಬೆವರು ಸುರಿಸಿ ತೋಟ ಮಾಡಿದರು. ಅಲ್ಲಿಂದ ಅವರ ಎರಡನೇ ಬದುಕು ಶುರುವಾಯ್ತು. ಸರಿ. ಆದರೆ ಭೂಮಿಗೆ ಬದಲಿ ಭೂಮಿ ಸಿಗೋದು ಪಹಣಿಯಲ್ಲಿ ಹೆಸರಿದ್ದವರಿಗೆ ತಾನೇ? ಅದೇ ಗದ್ದೆಯಲ್ಲಿ ನಾಟಿ ಹಾಕಿ ಕಳೆ ಕಿತ್ತ ಕೂಲಿಯವನ ಪಾಲಿಗೆ ಮುಳುಗಿದ್ದು ಅನ್ನ. ಅದಕ್ಕೆ ಯಾವ ಪಹಣಿ ಇತ್ತು? ಛಲ ಇಬ್ಬರಿಗೂ ಇರಬಹುದು. ಬಂಜರಾದರೂ ಸರಿ, ಕಾಲೂರೋಕೆ ನೆಲ ಒಬ್ಬನಿಗೆ ಮಾತ್ರ ಸಿಕ್ತು.

ಬಾಬಾಸಾಹೇಬರಿಗಿಂತ ಛಲಗಾರ ಯಾರಿದ್ರು? ಅವರು 1913ರಲ್ಲಿ ಕೊಲಂಬಿಯಾಕ್ಕೆ ಹೋದದ್ದು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ. ಓದಿ ಬಂದ ಮೇಲೆ 1917ರಲ್ಲಿ ಅದೇ ಬರೋಡಾದಲ್ಲಿ ತಂಗೋಕೆ ಒಂದು ಕೋಣೆ ಉಳಿಸಿಕೊಳ್ಳಲಾಗದೆ ಬೀದಿಗೆ ಬಿದ್ದರು. ಬಡತನ ದಾಟಿದ ಮೇಲೂ ಜಾತಿ ಬಾಗಿಲಲ್ಲಿ ಕಾಯ್ತಿರುತ್ತೆ. ಮೈಸೂರಲ್ಲಿ ಬಾಡಿಗೆ ಮನೆ ಹುಡುಕಿದ ನಮ್ಮವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಬಿಎ ಮುಗಿಸಿದ್ದು ಛಲದಿಂದ ಅಂತ ಹೇಳ್ಕೊಂಡ್ರೆ ಕೇಳೋಕೆ ಚೆಂದ. ನಿಜ ಏನಂದ್ರೆ ಸರ್ಕಾರಿ ಹಾಸ್ಟೆಲಿನ ಮುದ್ದೆ, ಸ್ಕಾಲರ್‌ಶಿಪ್ಪು, ಮೀಸಲಾತಿ. ಇವು ಯಾರೋ ಕರುಣೆಯಿಂದ ಕೊಟ್ಟಿದ್ದಲ್ಲ, ಹಿರಿಯರು ಬೀದಿಗಿಳಿದು ಪಡೆದಿದ್ದು. ಇವನ್ನೇ ಹೀರೋ ಮಾಡಿದ ಸಿನಿಮಾ ಎಷ್ಟಿವೆ ಹೇಳಿ?

ಈ ಮಾತು ಈಗ ಯಾಕೆ ಅಂದ್ರೆ, ನಮ್ಮ ಜನರ ಏಳಿಗೆಗೆ ಅಂತಲೇ 2013ರಲ್ಲಿ ರಾಜ್ಯದಲ್ಲಿ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ಬಂತು. ಆ ಹಣದಲ್ಲಿ 2024-25ರಲ್ಲಿ 14 ಸಾವಿರ ಕೋಟಿಗೂ ಹೆಚ್ಚನ್ನ ಗ್ಯಾರಂಟಿಗಳ ಲೆಕ್ಕಕ್ಕೆ ಹಾಕಿದರು. ಗ್ಯಾರಂಟಿ ಬೇಡ ಅಂತಲ್ಲ. ಎಲ್ಲರಿಗೂ ಕೊಡೋದನ್ನ ಎಲ್ಲರ ದುಡ್ಡಲ್ಲೇ ಕೊಡಿ, ನಮ್ಮ ಮಕ್ಕಳ ಹಾಸ್ಟೆಲಿನ ಪಾಲಲ್ಲಿ ಯಾಕೆ? ಛಲವೊಂದಿದ್ರೆ ಸಾಕು ಅಂತ ನಾವೇ ನಂಬಿಬಿಟ್ರೆ, ಹಾಸ್ಟೆಲ್ ಯಾಕೆ ಬೇಕು ಅಂತ ನಾಳೆ ಅವರು ಕೇಳ್ತಾರೆ.

ಸಿನಿಮಾ ನೋಡಿ, ಅಳಿ, ಚಪ್ಪಾಳೆ ಹೊಡೀರಿ. ಆದರೆ ಮುಂದಿನ ಸಲ ಆ ತುಣುಕು ಫಾರ್ವರ್ಡ್ ಮಾಡೋ ಮುಂಚೆ ನಿಮ್ಮ ಏರಿಯಾದ ಹಾಸ್ಟೆಲಿಗೆ ಒಮ್ಮೆ ಹೋಗಿ ಬನ್ನಿ. ಎಷ್ಟು ಹೈಕ್ಳಿಗೆ ಸೀಟು ಸಿಕ್ಕಿಲ್ಲ, ಯಾರಿಗೆ ಸ್ಕಾಲರ್‌ಶಿಪ್ ಬಂದಿಲ್ಲ, ಕೇಳಿ ಬರ್ಕೊಂಡು ಬನ್ನಿ. ಆ ಪಟ್ಟಿ ಹಿಡ್ಕೊಂಡು ಒಟ್ಟಿಗೆ ಡಿಸಿ ಆಫೀಸಿಗೆ ಹೋಗೋಣ.

ಜೈ ಭೀಮ್.